ಕೀಬೋರ್ಡಿಗೂ ಟಿಕೆಟ್ಟು!

ಬೆಳಗ್ಗೆ ತುಮಕೂರು ಬಸ್ ಸ್ಟ್ಯಾಂಡು. ತಿಪಟೂರು ಕಡೆ ಹೊರಟಿದ್ದ ಗಾಯಕರೊಬ್ಬರ ಬೆನ್ನಿಗೆ ಬಿದ್ದು ನಾನೂ ಹತ್ತಿದೆ. ಹೆಸರು ಹಾಕ್ಬೇಡ ಅಂದಿದ್ದಾರೆ, ಹಾಕೋದಿಲ್ಲ. ಒಂದು ಕಾಲಕ್ಕೆ ಹತ್ತು ಜನರ ಆರ್ಕೆಸ್ಟ್ರಾದಲ್ಲಿ ಅಣ್ಣಾವ್ರ ಹಾಡಿಗೆ ಇವರೇ. ಈಗ ಒಂಟಿ. ಒಂದು ಕೀಬೋರ್ಡು, ಒಂದು ಸ್ಪೀಕರು, ಅಷ್ಟೇ ಸಂಸಾರ. ಕಂಡಕ್ಟರು ಕೀಬೋರ್ಡಿಗೂ ಲಗೇಜ್ ಟಿಕೆಟ್ ಕೊಟ್ಟ.

"ನೋಡ್ದಾ ತಮ್ಮ, ನನ್ನ ವಾದ್ಯವೃಂದಕ್ಕೆ ಒಂದೇ ಟಿಕೆಟ್ಟು!"

ಗುಬ್ಬಿ ಬಂತು. ವೀರಣ್ಣನವರ ಊರು. ಅವರ ಕಂಪನಿಯಲ್ಲಿದ್ದ ಮುತ್ತುರಾಜ್ 1954ರಲ್ಲಿ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್ ಆಗಿದ್ದು ನಿಮಗೆ ಗೊತ್ತೇ ಇದೆ. ಅಣ್ಣ ಕೂತಲ್ಲೇ ಕೈಮುಗಿದರು. ಆಮೇಲೆ ಮಾತಿಲ್ಲ. ಹಿಂದಿನ ರಾತ್ರಿ ಮದುವೆಮನೆಯಲ್ಲಿ ಹಾಡಿ ಗಂಟಲು ಕಟ್ಟಿತ್ತು. ದಾರಿಯುದ್ದಕ್ಕೂ ಫ್ಲಾಸ್ಕಿನ ಬಿಸಿನೀರೇ ಗತಿ.

ರಾತ್ರಿ ಹಳ್ಳಿಯ ಗಣೇಶನ ಪೆಂಡಾಲು. ಹುಡುಗರು ಕೇಳಿದ್ದು ಯಾವುದನ್ನ ಅಂತೀರಿ? 1992ರ 'ಜೀವನ ಚೈತ್ರ'ದ ಆ ಹಾಡು, ರಾಜ್ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದಿದ್ದು! ಗಂಟಲು ನೆಟ್ಟಗಿದ್ದವರಿಗೇ ಬೆವರಿಳಿಸೋ ಹಾಡು. ನನ್ನ ಎದೆ ಢವಢವ. ಅಣ್ಣ ಗುಂಡಿ ಒತ್ತಿ ಶ್ರುತಿ ಎರಡು ಮನೆ ಇಳಿಸಿದರು. ಆದರೂ ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೀತು. ಹಿಂದಿನಿಂದ ಸಿಳ್ಳೆ, ಕೂಗು.

ಅಣ್ಣ ನಿಲ್ಲಿಸಿದರು. "ಗಂಟಲು ಹೋಗಿದೆ ಕಣ್ರಪ್ಪ. ಈ ಸಾಲು ನೀವೇ ಹಾಡಿ" ಅಂದು ಮೈಕು ಜನರ ಕಡೆ ತಿರುಗಿಸಿದರು. ಹಾಡಿದರು ಸ್ವಾಮಿ, ಸಿಳ್ಳೆ ಹೊಡೆದವನೂ ಸೇರಿ, ಅಪಸ್ವರದಲ್ಲೇ! ಪಿಯುಸಿಗೇ ಶರಣು ಹೊಡೆದ ನಾನೂ ಗಂಟಲು ಹರಿದುಕೊಂಡೆ.

ದುಡ್ಡು ಕೊಡುವಾಗ ಮಾತ್ರ ಸಾವಿರ ಹಿಡಿದುಕೊಂಡರು. "ಅರ್ಧ ಹಾಡು ನಾವೇ ಹಾಡಿದ್ವಲ್ಲ ಸಾರ್!" ನನಗೆ ರೇಗಿತು. ಅಣ್ಣ ಎಣಿಸದೆ ಜೇಬಿಗಿಟ್ಟುಕೊಂಡು, ಬೆಳಗಿನ ಮೊದಲ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದರು.