ಶಟಲ್ ಕೋರ್ಟಿನಲ್ಲಿ ಹಳದಿ ಗೆರೆ

ಸಿಯಾಟಲ್‌ನಲ್ಲಿರುವ ತಂಗಿಯ ಮಗಳು ಒಂದು ಸಲ ಊರಿಗೆ ಬರುವಾಗ ಪಿಕಲ್‌ಬಾಲ್ ಆಡುವ ನಾಲ್ಕು ಪ್ಯಾಡಲ್ಲು, ಒಂದಿಷ್ಟು ತೂತಿನ ಪ್ಲಾಸ್ಟಿಕ್ ಚೆಂಡು ತಂದಿದ್ದಳು. ಹೈದರಾಬಾದಿನ ಬರ್ಕತ್‌ಪುರದ ನಮ್ಮ ಮನೆಯಲ್ಲಿ ಅವನ್ನು ಮೊದಲು ಕೈಗೆತ್ತಿಕೊಂಡವರು ಕಾಕಾ. ರಾಯಚೂರಿನಲ್ಲಿ ಓದುವಾಗ ಬಾಲ್ ಬ್ಯಾಡ್ಮಿಂಟನ್ ಆಡಿ ಹೆಸರು ಮಾಡಿದವರು. ರೈಲ್ವೆ ನೌಕರಿ ಸಿಕ್ಕು ಕಾಚಿಗುಡಕ್ಕೆ ಬಂದ ಮೇಲೂ ಬಹಳ ವರ್ಷ ಆಡಿದರು. ಮೊಣಕಾಲು ನೋವು ಹತ್ತಿ, ಜಿಗಿದಾಡುವುದು ಬೇಡವೆಂದು ಡಾಕ್ಟರು ಹೇಳಿದ ಮೇಲೆ ಅವರ ಬ್ಯಾಟು ಅಟ್ಟ ಸೇರಿತ್ತು. ಪ್ಯಾಡಲ್ಲನ್ನು ಗಾಳಿಯಲ್ಲಿ ಬೀಸಿ ನೋಡಿ, "ಇದು ನಮ್ಮ ಆಟದ ತಮ್ಮ ಇದ್ದಂಗ ಅದ. ಎಲ್ಲಿ ಆಡ್ತಾರ ಹೇಳು, ಹೋಗೂಣು" ಅಂದರು.

ಹೈದರಾಬಾದಿನಲ್ಲಿ ಪಿಕಲ್‌ಬಾಲ್ ಕೋರ್ಟುಗಳಿಗೇನೂ ಬರವಿಲ್ಲ. ಕೋರ್ಟು ಬುಕ್ ಮಾಡುವ ಪ್ಲೇಯೋ ಆ್ಯಪ್ ತೆರೆದರೆ ಗಚ್ಚಿಬೌಲಿ, ಕೊಂಡಾಪುರ, ಮಾದಾಪುರ, ಕೋಕಾಪೇಟ, ನಾರ್ಸಿಂಗಿ ಎಂದು ಪಟ್ಟಿ ಮುಗಿಯುತ್ತಲೇ ಇರಲಿಲ್ಲ. ಆದರೆ ಎಲ್ಲವೂ ಊರಿನ ಪಶ್ಚಿಮಕ್ಕೆ, ಐಟಿ ಕಂಪನಿಗಳಿರುವ ಕಡೆಗೆ. ಕಾಚಿಗುಡ, ನಲ್ಲಕುಂಟದ ಸುತ್ತ ನಮಗೆ ಒಂದೂ ಕಾಣಲಿಲ್ಲ. ಸಂಜೆ ಆರರ ನಂತರದ ಹೊತ್ತೆಲ್ಲ ಮೊದಲೇ ಬುಕ್ ಆಗಿರುತ್ತಿತ್ತು. ಕೊನೆಗೆ ಮಧ್ಯಾಹ್ನದ ಒಂದು ಗಂಟೆ ಸಿಕ್ಕಿತು.

ಚಿಕ್ಕಡಪಲ್ಲಿಯಲ್ಲಿ ಮೆಟ್ರೋ ಹತ್ತಿ, ಪರೇಡ್ ಗ್ರೌಂಡ್‌ನಲ್ಲಿ ಇಳಿದು, ಇನ್ನೊಂದು ರೈಲು ಹಿಡಿದು ರಾಯದುರ್ಗಂ ತನಕ ಹೋದೆವು. ಅಲ್ಲಿಂದ ಆಟೋ. ತಗಡಿನ ಶೆಡ್ಡು, ನೀಲಿ ನೆಲ, ಹಗಲಲ್ಲೂ ಉರಿಯುವ ಎಲ್‌ಇಡಿ ದೀಪ. ಪಕ್ಕದ ಕೋರ್ಟಿನ ಹುಡುಗ ಹುಡುಗಿಯರು ತೆಲುಗು, ದಖನಿ, ಇಂಗ್ಲಿಷ್ ಮೂರನ್ನೂ ಬೆರೆಸಿ ಕೂಗಾಡುತ್ತಿದ್ದರು. ನೆಟ್ಟಿಗೆ ಹತ್ತಿರದ ಏಳಡಿ ಪಟ್ಟಿಗೆ ಈ ಆಟದಲ್ಲಿ 'ಕಿಚನ್' ಅನ್ನುತ್ತಾರೆ. ಅದರೊಳಗೆ ನಿಂತು, ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಕಾಕಾಗೆ ಹಿಡಿಸಿದ್ದು ಇದೇ ನಿಯಮ. ನೆಟ್ಟಿಗೆ ಅಂಟಿ ನಿಂತು ಜಿಗಿದು ಬಡಿಯುವವನ ಬಲ ಇಲ್ಲಿ ನಡೆಯುವುದಿಲ್ಲ. ಸರ್ವಿಸೂ ಸೊಂಟದ ಕೆಳಗಿನಿಂದಲೇ. ಅರ್ಧ ಗಂಟೆಯೊಳಗೆ ಕಾಕಾ ಚೆಂಡನ್ನು ನೆಟ್ಟಿನ ಆಚೆ ಮೆಲ್ಲಗೆ ಇಳಿಬಿಡುವುದನ್ನು ಕಲಿತು, ಹರೆಯದ ತಂಗಿಮಗಳನ್ನು ಕೋರ್ಟಿನ ಉದ್ದಗಲಕ್ಕೂ ಓಡಾಡಿಸಿದರು.

ವಾಪಸು ಬರುವಾಗ ಮೆಟ್ರೋದಲ್ಲಿ ಕಾಕಾ ಬಾಯಿ ಬಿಡಲಿಲ್ಲ. ಅಷ್ಟು ದೂರ, ಅಷ್ಟು ಬಾಡಿಗೆ, ಪಿಂಚಣಿಯಲ್ಲಿ ಬದುಕುವವರು ವಾರಕ್ಕೊಮ್ಮೆಯಾದರೂ ಹೇಗೆ ಹೋದಾರು? ಹೊಸ ಆಟ ಬಂದರೆ ಮೊದಲು ದುಡ್ಡಿರುವ ಬಡಾವಣೆಗೇ ಬರುತ್ತದೆ, ಹಳೇ ಮೊಹಲ್ಲಾಗಳ ಪಾಲಿಗೆ ಉಳಿಯುವುದು ಸುದ್ದಿ ಮಾತ್ರ. ಈ ಯೋಚನೆ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ದಾರಿ ತೋರಿಸಿದ್ದು ತಂಗಿಯ ಮಗಳು ಹೇಳಿದ ಒಂದು ಕಥೆ. ಸಿಯಾಟಲ್‌ನಿಂದ ದೋಣಿ ಹತ್ತಿದರೆ ಬೇನ್‌ಬ್ರಿಜ್ ಎಂಬ ದ್ವೀಪ. 1965ರ ಬೇಸಿಗೆಯಲ್ಲಿ ಜೋಯಲ್ ಪ್ರಿಚರ್ಡ್ ಎಂಬವರ ಮನೆಯಲ್ಲಿ ಮಕ್ಕಳು ಹೊತ್ತು ಹೋಗದೆ ಕೂತಿದ್ದರಂತೆ. ಹಿತ್ತಲಲ್ಲಿ ಹಳೇ ಬ್ಯಾಡ್ಮಿಂಟನ್ ಕೋರ್ಟು ಇತ್ತು, ಆಡುವ ಸಾಮಾನು ಪೂರ್ತಿ ಇರಲಿಲ್ಲ. ಅವರೂ ಗೆಳೆಯ ಬಿಲ್ ಬೆಲ್ಲೂ ಟೇಬಲ್ ಟೆನಿಸ್ ಬ್ಯಾಟು, ತೂತಿನ ಚೆಂಡು ಕೊಟ್ಟು ಮಕ್ಕಳನ್ನು ಆಡಲು ಬಿಟ್ಟರು. ಆಮೇಲೆ ಚೆಂಡು ಪುಟಿಯುವುದನ್ನು ನೋಡಿ ನೆಟ್ಟನ್ನು 36 ಇಂಚಿಗೆ ಇಳಿಸಿದರು. ಬಾರ್ನಿ ಮೆಕಲಮ್ ಸೇರಿಕೊಂಡ ಮೇಲೆ ಮೂವರೂ ಕೂತು ನಿಯಮ ಕಟ್ಟಿದರು.

"ಅಂದ್ರ ಇದು ಹುಟ್ಟಿದ್ದೇ ಶಟಲ್ ಕೋರ್ಟಿನಾಗ?" ಕಾಕಾ ನೆಟ್ಟಗೆ ಕೂತರು. "ಮತ್ತ ಅಷ್ಟು ದೂರ ಯಾಕ ಹೋಗಬೇಕು?"

ಹೌದು, ಅಳತೆಯೂ ಅದೇ. ಡಬಲ್ಸ್ ಬ್ಯಾಡ್ಮಿಂಟನ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಪಿಕಲ್‌ಬಾಲಿಗೂ ಅಷ್ಟೇ. ಹೈದರಾಬಾದಿನಲ್ಲಿ ಶಟಲ್ ಕೋರ್ಟಿಲ್ಲದ ಕಾಲೊನಿ ಹುಡುಕುವುದೇ ಕಷ್ಟ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಪರಿಚಯವಾದ ಹಿರಿಯರೊಬ್ಬರ ಅಪಾರ್ಟ್‌ಮೆಂಟು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅದರ ಹಿಂದಿನ ಸಿಮೆಂಟು ಅಂಗಳದಲ್ಲಿ ಗೆರೆ ಮಾಸಿದ ಕೋರ್ಟೊಂದಿತ್ತು.

ಭಾನುವಾರ ಬೆಳಿಗ್ಗೆ ಅಳತೆ ಟೇಪು ಹಿಡಿದು ಹೋದೆವು. ಬ್ಯಾಡ್ಮಿಂಟನ್ನಿನ ಮುಂದಿನ ಸರ್ವಿಸ್ ಗೆರೆ ನೆಟ್ಟಿನಿಂದ ಆರೂವರೆ ಅಡಿಗೆ ಇರುತ್ತದೆ, ಕಿಚನ್ ಗೆರೆ ಏಳಡಿಗೆ. ಹಾಗಾಗಿ ಆರು ಇಂಚು ಹಿಂದಕ್ಕೆ, ಎರಡೂ ಕಡೆ ಒಂದೊಂದು ಹೊಸ ಗೆರೆ ಎಳೆದರೆ ಕೆಲಸ ಮುಗಿಯಿತು. ಕಾಕಾ ಮೊಣಕಾಲು ಊರಲಾರದೆ ಸ್ಟೂಲಿನ ಮೇಲೆ ಕೂತೇ ಹಳದಿ ಟೇಪು ಅಂಟಿಸಲು ನನಗೆ ಹೇಳಿಕೊಟ್ಟರು. ವಾಚ್‌ಮನ್ ಬಂದು, "ಕ್ಯಾ ಕರ್ರೆ ಚಾಚಾ?" ಅಂದ. "ಏಕ್ ಲಕೀರ್ ಮಿಯಾ, ಬಸ್," ಅಂದರು ಕಾಕಾ. ಅವನೇ ನೆಟ್ಟಿನ ಹಗ್ಗ ಬಿಚ್ಚಿ, ಕಂಬಕ್ಕೆ 36 ಇಂಚಿನಲ್ಲಿ ಬಿಗಿದು ಕಟ್ಟಿದ. ನಡುವೆ ಅದು 34 ಇಂಚಿರಬೇಕು. ಹಳೇ ನೆಟ್ಟು ಹೇಗೂ ಜೋತಿತ್ತು, ಹಗ್ಗ ಸ್ವಲ್ಪ ಸಡಿಲಿಸಿದ್ದೇ ಸರಿಯಾಗಿ ಅಲ್ಲಿಗೆ ಬಂತು.

ತಕರಾರು ಬಂದದ್ದು ಸದ್ದಿನಿಂದ. ಗಟ್ಟಿ ಪ್ಯಾಡಲ್ಲಿಗೆ ಗಟ್ಟಿ ಚೆಂಡು ತಾಗಿದರೆ ಟಕ್ ಟಕ್ ಎಂಬ ಸದ್ದು ಗೋಡೆಗೆ ಬಡಿದು ಮೇಲಿನ ಮಹಡಿವರೆಗೂ ಹೋಗುತ್ತದೆ. ಎರಡನೇ ಮಹಡಿಯ ಅಮ್ಮನವರು ಕೆಳಗಿಳಿದು ಬಂದು, ಮಗಳಿಗೆ ಇಂಟರ್ ಪರೀಕ್ಷೆ ಇದೆ ಅಂದರು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಬೆಳಿಗ್ಗೆ ಏಳರಿಂದ ಎಂಟೂವರೆ ಮಾತ್ರ, ಸಂಜೆ ಬೇಡ ಎಂದು ಅಲ್ಲೇ ತೀರ್ಮಾನವಾಯಿತು. ಪರೀಕ್ಷೆ ಮುಗಿದ ವಾರ ಆ ಹುಡುಗಿಯೇ ಬಂದು ಕಾಕಾನ ಎದುರು ನಿಂತಳು. ಅವಳ ಹಿಂದೆ ಅಮ್ಮನೂ ಬಂದರು.

ಸುದ್ದಿ ಹಬ್ಬಿ, ಪಕ್ಕದ ಬೀದಿಯ ಇನ್ನೊಂದು ಅಪಾರ್ಟ್‌ಮೆಂಟಿನವರು ಕಾಕಾನನ್ನು ಕರೆಸಿಕೊಂಡರು. ಅಲ್ಲಿಯ ಕೋರ್ಟಿನ ಹಿಂದಿನ ಗೆರೆಗೂ ಕಾಂಪೌಂಡ್ ಗೋಡೆಗೂ ಮೂರಡಿ ಅಂತರವೂ ಇರಲಿಲ್ಲ. ಪೂರ್ತಿ ಆಟಕ್ಕೆ 60 ಅಡಿ ಉದ್ದ, 30 ಅಡಿ ಅಗಲ ಬೇಕು, ಅಂದರೆ ಹಿಂದೆ ಎಂಟಡಿ. "ಇಲ್ಲಿ ಬ್ಯಾಡ್ರಿ, ಹಿಂದಕ್ಕ ಸರದವರು ಗ್ವಾಡಿಗೆ ತಲಿ ಬಡಸ್ಕೋತಾರ" ಎಂದು ಕಾಕಾ ಟೇಪು ಸುತ್ತಿ ಜೇಬಿಗಿಟ್ಟರು. "ನಮ್ಮ ಕಡೆ ಬರ್ರಿ. ಏಳಕ್ಕ ಶುರು."