ಬಾವಿಯಲ್ಲಿ ಸಿಕ್ಕ ಹುಡುಗ

ಚಲನಚಿತ್ರಗಳ ವಿಷಯದಲ್ಲಿ ನಾವು ಅಧಿಕಾರವಾಣಿಯಿಂದ ಮಾತನಾಡುವವರಲ್ಲ. ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಪೇಟೆಯ ಟೂರಿಂಗ್ ಟಾಕೀಸಿಗೆ ಕದ್ದು ಹೋಗಿ, ಸಿಕ್ಕಿಬಿದ್ದು, ಒಂದು ಹೊತ್ತಿನ ಪ್ರಸಾದ ಕಳೆದುಕೊಂಡದ್ದೇ ನಮ್ಮ ಚಿತ್ರಾನುಭವದ ಬಹುಭಾಗ. ಆದರೂ ಈ ಸಲ ಒಂದು ಚಿತ್ರದ ಬಗ್ಗೆ ಬರೆಯುತ್ತಿದ್ದೇವೆ. ಓದುಗ ಬಂಧುಗಳು ಮನ್ನಿಸಬೇಕು.

ಕಳೆದ ಶ್ರಾವಣದಲ್ಲಿ ಉಡುಪಿ ಸಮೀಪದ ಹೂಡೆಗೆ ಹೋಗುವ ಪ್ರಸಂಗ ಒದಗಿತು. ಒಂದು ಮಗ್ಗುಲಿಗೆ ಸುವರ್ಣಾ ನದಿ, ಇನ್ನೊಂದು ಮಗ್ಗುಲಿಗೆ ಕಡಲು, ನಡುವೆ ತೆಂಗಿನ ತೋಟಗಳು. ಹಾವೇರಿ ಕಡೆಯ ನಮ್ಮ ಶಿಷ್ಯರೊಬ್ಬರು ಮಣಿಪಾಲದಲ್ಲಿ ನೌಕರಿಯಲ್ಲಿದ್ದು ಅಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ಆ ಭಾಗದಲ್ಲಿ ನಮ್ಮವರ ಮನೆಗಳು ವಿರಳ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನೆರೆಯ ಮಕ್ಕಳು ಇಣುಕಿ ನೋಡುತ್ತಾರಂತೆ. ಅಷ್ಟಮಿ ಹತ್ತಿರವಾಗಿತ್ತು. ಹುಲಿವೇಷದವರ ತಾಸೆಯ ಬಡಿತ ಎಲ್ಲಿಂದಲೋ ಕೇಳಿಬರುತ್ತಿತ್ತು. ಸಾಯಂಕಾಲದ ಲಿಂಗಪೂಜೆ, ಪ್ರಸಾದ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಶಿಷ್ಯರ ಮಗ, ಇಂಜಿನಿಯರಿಂಗ್ ಓದುವ ಹುಡುಗ, "ಅಜ್ಜಾರ, ಒಂದು ಪಿಚ್ಚರ್ ಹಾಕ್ತೀನ್ರಿ. ಹೆಸರು ನಿಮಗ ಹಿಡಸ್ತದ" ಎಂದ. ಹೆಸರು ‘ಗರುಡ ಗಮನ ವೃಷಭ ವಾಹನ’.

ಹೆಸರಿಗೆ ಮರುಳಾಗಿ ಕುಳಿತೆವು. ಪೌರಾಣಿಕವಲ್ಲ, ಮಂಗಳೂರಿನ ಮಂಗಳಾದೇವಿಯ ರೌಡಿಗಳ ಕಥೆ! ರಾಜ್ ಬಿ. ಶೆಟ್ಟಿಯವರು ಬರೆದು, ನಿರ್ದೇಶಿಸಿ, ತಾವೇ ಶಿವನೆಂಬ ಪಾತ್ರ ವಹಿಸಿರುವ ಈ ಚಿತ್ರ 2021ರ ನವೆಂಬರಿನಲ್ಲಿ ತೆರೆಕಂಡಿತು. ಹರಿಯಾಗಿ ನಟಿಸಿದವರು ಉಡುಪಿ ಜಿಲ್ಲೆಯವರೇ ಆದ ರಿಷಬ್ ಶೆಟ್ಟಿಯವರು. ವರ್ಗವಾಗಿ ಬಂದು, ಊರು ಬಿಟ್ಟು ಹೋದರೆ ಸಾಕೆನ್ನುವ ಪೊಲೀಸ್ ಅಧಿಕಾರಿಯ ಹೆಸರು ಬ್ರಹ್ಮಯ್ಯ. ಹೀಗೆ ತ್ರಿಮೂರ್ತಿಗಳೂ ಕೂಡಿದಂತಾಯಿತು.

ಶಿವ ಬಾವಿಯಲ್ಲಿ ಸಿಕ್ಕ ಅನಾಥ ಬಾಲಕ. ಹರಿಯ ಮನೆಯಲ್ಲಿ ಬೆಳೆಯುತ್ತಾನೆ, ಹರಿಗಾಗಿ ಕೊಲ್ಲುತ್ತಾನೆ. ಇಂಥವರನ್ನು ಪತ್ರಿಕೆಗಳು ‘ಸುಪಾರಿ ಹಂತಕ’ ಎನ್ನುತ್ತವೆ. ಸುಪಾರಿ ಎಂದರೆ ಅಡಿಕೆ. ನಿಶ್ಚಿತಾರ್ಥಕ್ಕೂ ಸೀಮಂತಕ್ಕೂ ನಾವು ಕೈಗೆ ಕೊಡುವ ಆ ಮಂಗಳದ್ರವ್ಯ ಮುಂಬಯಿಯ ಪಾತಕಿಗಳ ಬಾಯಲ್ಲಿ ಕೊಲೆಯ ಮುಂಗಡವಾಯಿತು. ಶಬ್ದಗಳಿಗೂ ದುರ್ದೆಸೆ ಬರುತ್ತದೆ. ಆದರೆ ಶಿವ ಹಣಕ್ಕೆ ಕೊಲ್ಲುವವನಲ್ಲ. ಅವನ ಕೂಲಿ ಹರಿಯ ಸ್ನೇಹವೊಂದೇ. ಹರಿ ವ್ಯವಹಾರ ಬೆಳೆಸುತ್ತಾನೆ, ದೊಡ್ಡವನಾಗುತ್ತಾನೆ. ಇವನು ಓಣಿಯ ಪೋರರೊಡನೆ ಕ್ರಿಕೆಟ್ ಆಡುತ್ತ ಅಲ್ಲೇ ಉಳಿಯುತ್ತಾನೆ. ಗಡ್ಡಧಾರಿಯಾದ ಈ ಗಂಡಸು ಮಕ್ಕಳ ಆಟದಲ್ಲಿ ಮಗ್ನನಾದುದನ್ನು ಕಂಡು ಮನೆಮಂದಿಯೆಲ್ಲ ನಕ್ಕರು. ನಾವೂ ನಕ್ಕೆವು.

ನಗು ನಿಂತದ್ದು ಕೊಲೆಯಾದ ಮೇಲೆ ಅವನು ಹುಲಿವೇಷದ ಹೆಜ್ಜೆ ಹಾಕಿ ಕುಣಿಯುವಲ್ಲಿ. ಹಿನ್ನೆಲೆಯಲ್ಲಿ ‘ಸೋಜುಗದ ಸೂಜುಮಲ್ಲಿಗೆ’.

"ಮಹದೇವನ ಪದ ಅಲ್ಲೇನ್ರಿ ಇದು?" ಎಂದು ಶಿಷ್ಯರ ಧರ್ಮಪತ್ನಿ ಗಾಬರಿಯಿಂದ ಕೇಳಿದರು. ಹೌದು, ಮಲೆ ಮಹದೇಶ್ವರನ ಭಕ್ತರ ಪದ. ಮಾದಪ್ಪನ ಬೆಟ್ಟದಲ್ಲಿ ಕಂಸಾಳೆಯವರ ಕಂಠದಿಂದ ಆ ದೇವನ ಪದಗಳನ್ನು ಕೇಳಿದ ಕಿವಿ ನಮ್ಮದು. ರಕ್ತದ ಕೈಗೆ ಈ ಹೂವೇ ಎಂದು ಸಿಟ್ಟೇ ಬಂದಿತು. ಆಮೇಲೆ ಯೋಚಿಸಿದರೆ, ಹಾಡು ಅಲ್ಲಿ ಕೊಲೆಯನ್ನು ಹೊಗಳುತ್ತಿಲ್ಲ. ತಾಯಿಯಿಲ್ಲದವನೊಬ್ಬನ ಪಕ್ಕದಲ್ಲಿ ಸುಮ್ಮನೆ ನಿಂತಿದೆ ಎನಿಸಿತು. ಈ ಮಾತು ನಮಗೇ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ.

"ಇಂಗ್ಲಿಷಿನೊಳಗೂ ಇಂಥಾವು ಅದಾವ್ರಿ" ಎಂದು ಹುಡುಗ 2008ರ ‘ಇನ್ ಬ್ರೂಜ್’ ಎಂಬ ಚಿತ್ರದ ಕಥೆ ಹೇಳಿದ. ಬಾಡಿಗೆ ಹಂತಕನೊಬ್ಬ ಗುರಿಯಿಟ್ಟವನ ಜೊತೆಗೆ ಕೈತಪ್ಪಿ ಒಂದು ಮಗುವನ್ನೂ ಕೊಂದು, ಬೆಲ್ಜಿಯಂ ದೇಶದ ಹಳೆಯ ಪಟ್ಟಣದಲ್ಲಿ ಅಡಗಿ ಕುಳಿತಿರುತ್ತಾನಂತೆ. ಜನ ನಗುತ್ತಲೇ ನೋಡುತ್ತಾರಂತೆ. ಕೊಲೆಗಾರನ ಹತ್ತಿರ ಕೂರಲು ಸಾಮಾನ್ಯರಿಗೆ ಭಯ. ನಗು ಬಂದರೆ ಹತ್ತಿರ ಕೂರುತ್ತೇವೆ. ಕುಳಿತ ಮೇಲೆ ಅವನ ಒಂಟಿತನ ಕಾಣುತ್ತದೆ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಾರಣ ಶಿವನಲ್ಲ.

1972ರ ಬರದ ಮರುವರ್ಷ ನಮ್ಮ ಪ್ರಸಾದ ನಿಲಯಕ್ಕೆ ಒಬ್ಬ ಹುಡುಗ ಬಂದ. ಯಾರೋ ದೂರದ ಸಂಬಂಧಿ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ನಮಗಾಗ ಹದಿಮೂರು ವರ್ಷ, ಅವನಿಗೂ ಅಷ್ಟೇ. ಮಾತು ಕಡಿಮೆ, ಊಟಕ್ಕೆ, ಪಾಠಕ್ಕೆ ನಮ್ಮ ಪಕ್ಕದಲ್ಲೇ ಕೂರುತ್ತಿದ್ದ. ಒಂದು ಚಳಿಗಾಲದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬ ನಮ್ಮ ಹೊಸ ಕಂಬಳಿ ಕಸಿದುಕೊಂಡ. ನಾವು ಅಳುತ್ತ ಕುಳಿತೆವು. ಇವನು ಎದ್ದು ಹೋಗಿ ಕಟ್ಟಿಗೆಯ ತುಂಡಿನಿಂದ ಅವನ ತಲೆ ಒಡೆದು ಕಂಬಳಿ ತಂದ. ವಿಚಾರಣೆಯಲ್ಲಿ ನಿಲಯದ ಹಿರಿಯರು ನಡೆದದ್ದೇನೆಂದು ಕೇಳಿದಾಗ ಅವನು ನಮ್ಮ ಮುಖ ನೋಡಿದ. ನಾವು ನೆಲ ನೋಡಿದೆವು. ಮರುದಿನ ನಸುಕಿನಲ್ಲಿ ಅವನನ್ನು ಕಳಿಸಿಬಿಟ್ಟರು. ಕಂಬಳಿಯನ್ನು ಮಡಚಿ ನಮ್ಮ ಹಾಸಿಗೆಯ ಮೇಲಿಟ್ಟು ಹೋಗಿದ್ದ.

ಮುಂದೆ ಅವನು ಬಡ್ಡಿ ಸಾಹುಕಾರರೊಬ್ಬರ ವಸೂಲಿಗೆ ನಿಂತನೆಂದೂ, ಆಮೇಲೆ ಯಾರದೋ ಜಗಳಕ್ಕೆ ಯಾರನ್ನೋ ಕೊಂದನೆಂದೂ ಕೇಳಿದೆವು. ಬೆಳಗಾವಿಯ ಹಿಂಡಲಗಾ ಕಾರಾಗೃಹದಿಂದ ನಮಗೊಂದು ಕಾರ್ಡು ಬಂದಿತು. ಅಷ್ಟು ಹೊತ್ತಿಗೆ ನಾವು ಪಂಡಿತರಾಗಿದ್ದೆವು. ಕ್ಷೇಮಸಮಾಚಾರವಾದ ಮೇಲೆ ಒಂದೇ ಪ್ರಶ್ನೆ: ಆ ಕಂಬಳಿ ಇನ್ನೂ ಇದೆಯೇ? ನಮಗೆ ನಗು ಬಂದಿತು. ಜೊತೆಯವರಿಗೂ ತೋರಿಸಿದೆವು, ಅವರೂ ನಕ್ಕರು. ಉತ್ತರ ಬರೆಯಲಿಲ್ಲ.

ಚಿತ್ರ ನೋಡುವಾಗ ಎಲ್ಲರೂ ಶಿವನನ್ನು ನೋಡುತ್ತಿದ್ದರು. ನಮಗೆ ಹರಿಯ ಮುಖದಿಂದ ಕಣ್ಣು ಕೀಳಲಾಗಲಿಲ್ಲ.

ಬೆಳಿಗ್ಗೆ ಚಹಾದ ಹೊತ್ತಿಗೆ ಇದನ್ನೆಲ್ಲ ಶಿಷ್ಯರಿಗೆ ಹೇಳಿದೆವು. ಮಳೆ ಬಿಟ್ಟಿತ್ತು. "ಈಗ ಎಲ್ಲಿ ಅದಾರ್ರಿ ಅವರು? ಬಿಡುಗಡೆ ಆಗಿರಬೇಕಲ್ರಿ. ಬೆಳಗಾವಿಯೊಳಗ ನನಗ ಗುರುತಿನವರು ಅದಾರ, ಕೇಳಸ್ತೀನಿ. ತಂದಿ ಹೆಸರು, ಊರು ಹೇಳ್ರಿ" ಎಂದು ಅವರು ಕಾಗದ, ಪೆನ್ನು ತಂದರು. ಅವನ ಹೆಸರು ಬರೆಸಿದೆವು. ತಂದೆಯ ಹೆಸರು, ಊರು ಎರಡೂ ನಮಗೆ ಗೊತ್ತಿರಲಿಲ್ಲ. ಎರಡು ವರ್ಷ ಪಕ್ಕದಲ್ಲಿ ಕುಳಿತು ಉಂಡಿದ್ದರೂ ಕೇಳಿರಲಿಲ್ಲ.