ಆರೂವರೆ ಇಂಚು

ನಮ್ಮ ಕಾಕಾ ಕೊಂಡದ್ದು ಮಿಲ್ಟ್ರಿ ಡಿಸ್ಪೋಜಲ್ ಗಾಡಿ. ಸೈನ್ಯದ ಗಾಡಿಗಳ ನಂಬರಿನಲ್ಲಿ ಮೇಲ್ಮುಖದ ಒಂದು ಬಾಣ ಇರುತ್ತದಲ್ಲ, ಅದು ಹೊಸ ಬಣ್ಣದ ಅಡಿಯಿಂದಲೂ ಬಂಪರಿನ ಮೇಲೆ ಮಬ್ಬಾಗಿ ಇಣುಕುತ್ತಿತ್ತು. ಗಾಡಿ ಚಿಕ್ಕಪಡಸಲಗಿಗೆ ಬಂದ ದಿನವೇ ಕಾಕಾ ಆ ಬಾಣದ ಮೇಲೆ ಬೆರಳಿಟ್ಟು, "ನೋಡೋ ತಮ್ಮಾ, ಇದನ್ನ ಮ್ಯಾಲೆ ಎತ್ತಬೇಕಂತ ಅವರ ಬರದ ಕೊಟ್ಟಾರ" ಅಂದ.

ಅದು ಜೀಪು. ಆದರೆ ಕಾಕಾ ಒಂದು ದಿನವೂ ಜೀಪು ಅನ್ನಲಿಲ್ಲ. 'ನಮ್ಮ ಟ್ರಕ್ಕು' ಅನ್ನುತ್ತಿದ್ದ. ನಾವು ಹುಡುಗರು ಬೆನ್ನ ಹಿಂದೆ ನಗುತ್ತಿದ್ದೆವು. ಎಷ್ಟೋ ವರ್ಷಗಳ ಮೇಲೆ ಎಲ್ಲೋ ಓದಿದಾಗ ತಿಳಿಯಿತು: ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಕಾಗದಪತ್ರದಲ್ಲಿ ಜೀಪಿಗೆ ಇಟ್ಟಿದ್ದ ಹೆಸರೇ 'ಕಾಲು ಟನ್ ಟ್ರಕ್ಕು'. ಅಷ್ಟೊತ್ತಿಗೆ ಕಾಕಾ ಇರಲಿಲ್ಲ. ನಕ್ಕದ್ದಕ್ಕೆ ತಪ್ಪಾಯ್ತು ಅನ್ನಲು ಆಗಲಿಲ್ಲ.

ಎತ್ತುವ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. 1989ರಲ್ಲಿ ನಮ್ಮ ಭಾಗದ ರೈತರು ಸರ್ಕಾರದ ದಾರಿ ಕಾಯದೆ, ತಾವೇ ಪಟ್ಟಿ ಹಾಕಿ ದುಡ್ಡು ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರನ್ನು ಜನ 'ಬ್ಯಾರೇಜ್ ಸಿದ್ದು' ಅಂದರು; 1991ರ ಲೋಕಸಭಾ ಚುನಾವಣೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿಬಿಟ್ಟರು. ಇದೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. ಯಾರೂ ಬರೆಯದ ಕಥೆ ರಾಡಿಯದು. ಬೇಸಿಗೆಯಲ್ಲಿ ಉಸುಕು ತೋರಿಸುತ್ತಿದ್ದ ಹೊಳೆಯಲ್ಲಿ ನೀರು ನಿಂತಿತು, ದಂಡೆಗುಂಟ ಪಂಪ್‌ಸೆಟ್ಟು ಎದ್ದವು, ಜೋಳ ಇದ್ದಲ್ಲಿ ಕಬ್ಬು ಬಂತು, ಎರಿಹೊಲ ಒಣಗುವುದನ್ನೇ ಮರೆಯಿತು. ಕಬ್ಬು ಹೇರಿದ ಟ್ರ್ಯಾಕ್ಟರು ಓಡಾಡಿ ಹೊಲದ ದಾರಿಯಲ್ಲಿ ಮೊಳಕಾಲುದ್ದ ಜಾಡು ಬಿದ್ದವು. ಎರಡು ಜಾಡಿನ ನಡುವಿನ ದಿಬ್ಬಕ್ಕೆ ನಮ್ಮ ಟ್ರಕ್ಕಿನ ಹೊಟ್ಟೆ ತಾಗಿ, ನಾಲ್ಕೂ ಗಾಲಿ ತಿರುಗಿದರೂ ಗಾಡಿ ಮುಂದೆ ಹೋಗದೆ ಆಮೆಯ ಹಾಗೆ ಕೂತುಬಿಡುತ್ತಿತ್ತು.

ಜಮಖಂಡಿಯ ಒಬ್ಬ ಮಿಸ್ತ್ರಿ ಪರಿಹಾರ ಹೇಳಿದ. ಜೀಪಿಗೆ ಮೊದಲಿಂದ ಇರುವುದು 6.00-16 ಅಳತೆಯ ಟೈರು. ಸಣ್ಣ ಟ್ರ್ಯಾಕ್ಟರುಗಳ ಮುಂದಿನ ಗಾಲಿಯದೂ ಅದೇ ಅಳತೆ. ಅದನ್ನು ತೆಗೆದು 7.50-16 ಹಾಕೂಣ ಅಂದ. ಹಾಕಿದ. ಟೈರು ಮೂರು ಇಂಚು ಎತ್ತರವಾಯಿತು. ಆದರೆ ಸ್ಟೇರಿಂಗ್ ತಿರುಗಿಸಿದ ಕೂಡಲೇ ಟೈರು ಮಡ್‌ಗಾರ್ಡಿಗೆ ತಿಕ್ಕಿ ರಬ್ಬರು ಸುಟ್ಟ ವಾಸನೆ ಬಂತು. ಹಾಗಾದರೆ ಬಾಡಿಯನ್ನೇ ಮೇಲೆತ್ತಬೇಕು. ಜೀಪಿನ ಕಮಾನ್ ಪಾಟಾ ಆಕ್ಸಲ್ಲಿನ ಕೆಳಗೆ ಇರುತ್ತದೆ. ಅದನ್ನು ಬಿಚ್ಚಿ ಆಕ್ಸಲ್ಲಿನ ಮೇಲೆ ಕೂರಿಸಿದರೆ ಒಂದೇ ಏಟಿಗೆ ಐದು ಇಂಚು. ಮಿಸ್ತ್ರಿ ಹೌಸಿಂಗಿನ ನೆತ್ತಿಗೆ ಹೊಸ ಪಟ್ಟಿ ವೆಲ್ಡ್ ಮಾಡಿದ, ಯು ಬೋಲ್ಟ್ ತಿರುವಿಹಾಕಿದ. ಬ್ರೇಕಿನ ಪೈಪು ಸಾಲದೆ ಬಂತು, ಉದ್ದದ್ದು ತಂದರು. ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ಕ್ರಾಸ್ ಗುಂಯ್‌ಗುಡತೊಡಗಿತು, ಅದನ್ನೂ ಬದಲಿಸಿದರು. ಲಂಗೋಟಿ ಉಳಿಸಿಕೊಳ್ಳಲು ಬೆಕ್ಕು ಸಾಕಿದ ಸನ್ಯಾಸಿಯ ಸಂಸಾರ ಅದು.

ಎಲ್ಲ ಮುಗಿದ ಮೇಲೆ ಹೊರಗೆ ಬಂದ ಗಾಡಿ ಥೇಟ್ ಮುಧೋಳ ನಾಯಿ: ಎತ್ತರದ ಕಾಲು, ಒಳಗೆ ಸೇದಿಕೊಂಡ ಹೊಟ್ಟೆ, ಯಾವ ಗಳಿಗೆಯಲ್ಲಾದರೂ ಮೊಲದ ಹಿಂದೆ ಬೀಳುತ್ತೇನೆ ಅನ್ನುವ ನಿಲುವು. (2016ರಲ್ಲಿ ಮುಧೋಳ ನಾಯಿಯ ಮರಿಗಳು ಮೀರತ್ತಿನ ಸೈನಿಕ ಕೇಂದ್ರಕ್ಕೆ ಹೋದಾಗ, ಜೀಪು ಕೊಟ್ಟು ನಾಯಿ ಒಯ್ದರು, ಲೆಕ್ಕ ಚುಕ್ತಾ ಆಯಿತು ಅನ್ನಿಸಿತು ನನಗೆ.)

ಹೊಲದ ದಾರಿಗೆ ಇಳಿಸಿದ ಮೊದಲ ದಿನವೇ ಟ್ರಕ್ಕು ಮತ್ತೆ ದಿಬ್ಬದ ಮೇಲೆ ಕೂತಿತು. ಕಾಕಾ ಮಿಸ್ತ್ರಿಯನ್ನು ಹಿಡಿದು ತಂದ. ಅವನು ಅಡಿಯಲ್ಲಿ ತೂರಿ, ಮೈಯೆಲ್ಲ ಎರಿಮಣ್ಣು ಮಾಡಿಕೊಂಡು ಹೊರಬಂದು ಶಾಂತವಾಗಿ ಹೇಳಿದ: "ತಾಗೂದು ಆಕ್ಸಲ್ಲಿನ ಗುಂಡು ರೀ. ನಾವು ಎತ್ತಿದ್ದು ಬಾಡಿ."

ಮಾತು ಖರೆ. ಪಾಟಾ ಎಷ್ಟೇ ಎತ್ತಿದರೂ ಆಕ್ಸಲ್ಲು ಗಾಲಿಯ ನಡುವೆಯೇ ಇರುತ್ತದೆ. ಅದನ್ನು ಎತ್ತುವುದು ಟೈರು ಮಾತ್ರ, ಅದೂ ಹೆಚ್ಚಾದ ಎತ್ತರದಲ್ಲಿ ಅರ್ಧ. ಆರೂವರೆ ಇಂಚು ಮೇಲೆ ಹೋದದ್ದು ಕಾಕಾ. ಗುಂಡು ಹೋದದ್ದು ಒಂದೂವರೆ ಇಂಚು. ಆ ಒಂದೂವರೆ ಇಂಚನ್ನೂ ಎರಿಮಣ್ಣು ನುಂಗುತ್ತಿತ್ತು. ಟೈರಿನ ಗಟ್ಟೆಗಳ ನಡುವೆ ಮೆತ್ತಿಕೊಳ್ಳುತ್ತ ಮೆತ್ತಿಕೊಳ್ಳುತ್ತ, ಇಪ್ಪತ್ತು ಮಾರು ಹೋಗುವುದರೊಳಗೆ ಟೈರು ಎಣ್ಣೆ ಹಚ್ಚಿದ ಬೋಳುತಲೆ. ದೊಡ್ಡ ಟೈರಿಗೆ ಹೆಚ್ಚು ಮಣ್ಣು, ಅಷ್ಟೇ.

ಕಾಕಾ ಸೋಲು ಒಪ್ಪುವ ಜಾತಿಯಲ್ಲ. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಮೀಟರಿನ ಮುಳ್ಳು 40 ತೋರಿಸಿದಾಗ ಗಾಡಿ 45ರ ಹತ್ತಿರ ಓಡುತ್ತಿತ್ತು. ಕಿಲೋಮೀಟರು ಅಷ್ಟೇ ಕಡಿಮೆ ಬೀಳುತ್ತಿತ್ತು. "ಓಡೂದು ಹೆಚ್ಚು, ಬರಿಯೂದು ಕಡಿಮಿ. ಮಾರೂ ಮುಂದ ಕಿಮ್ಮತ್ತು ಬರ್ತೈತಿ" ಅಂದ.

ನಿಜವಾಗಿ ಸೋತವಳು ಆಯಿ. ಮೊದಲು ಸೀರೆ ನಿರಿಗೆ ಹಿಡಿದು ಒಂದೇ ಹೆಜ್ಜೆಗೆ ಮುಂದಿನ ಸೀಟಿಗೆ ಹತ್ತುತ್ತಿದ್ದವಳು. ತುಳಸಿಗೇರಿ ಹನುಮಪ್ಪನಿಗೆ ಹೊರಟ ಶನಿವಾರ ಟ್ರಕ್ಕಿನ ಮುಂದೆ ನಿಂತು ಕಾಲು ಎತ್ತಿ ನೋಡಿದಳು, ಇಳಿಸಿದಳು, ಮತ್ತೆ ನೋಡಿದಳು. "ಒಂಟಿನೂ ಹತ್ತಿಸ್ಕೊಳ್ಳಾಕ ಕುಂದರ್ತೈತೋ. ನಿನ್ನ ಗಾಡಿ ಕುಂದ್ರೂದಿಲ್ಲಲ್ಲ!" ಕಾಕಾ ಒಳಗೆ ಹೋಗಿ ಊಟದ ಮಣೆ ತಂದಿಟ್ಟ. ಅಂದಿನಿಂದ ಆ ಮಣೆ ಸೀಟಿನ ಹಿಂದೆಯೇ ಉಳಿಯಿತು. ದಾರಿಯುದ್ದಕ್ಕೂ ತಿರುವು ಬಂದಲ್ಲೆಲ್ಲ ಗಾಡಿ ವಾಲುತ್ತಿತ್ತು, ಆಯಿ ಹನುಮಪ್ಪನನ್ನು ಗುಡಿಗಿಂತ ಮೊದಲೇ ಇಪ್ಪತ್ತು ಸಲ ಕರೆದಳು.

2005ರಲ್ಲಿ ಹೊಳೆ ಬಂತು. ಈ ದಿನಕ್ಕಾಗಿಯೇ ಎತ್ತಿದ್ದು ಅಂತ ಕಾಕಾ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ, ಊರೂ ಕಾಯುತ್ತಿತ್ತು. ಅವನು ಟ್ರಕ್ಕನ್ನು ನೀರಿನ ಅಂಚಿನವರೆಗೆ ಒಯ್ದ. ಕೆಂಪು ನೀರು, ಬೇರುಸಮೇತ ತೇಲಿಬರುವ ಜಾಲಿಗಿಡ. ಇಂಜಿನ್ ಬಂದ್ ಮಾಡಿ, ಇಳಿದು, ಬಾನೆಟ್ಟು ಹತ್ತಿ ನಿಂತ. ನಾನೂ ಹತ್ತಿದೆ. ದೂರದಲ್ಲಿ ನಮ್ಮ ಹೊಲ ಇದ್ದ ಕಡೆ ಕಬ್ಬಿನ ಸುಳಿಗಳು ಮಾತ್ರ ನೀರಿನ ಮೇಲೆ ಅಲ್ಲಾಡುತ್ತಿದ್ದವು. ಕೆಳಗೆ ನಿಂತವರು "ಏನ್ ಕಾಣಾಕ್ಹತ್ತೈತಿ?" ಅಂತ ಕೇಳಿದರು. ಕಾಕಾ "ಎಲ್ಲಾ ಕಾಣ್ತೈತಿ" ಅಂದ. ಸ್ವಲ್ಪ ಹೊತ್ತು ನಿಂತು, ಇಳಿದು, ರಿವರ್ಸ್ ಹಾಕಿದ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಂಪನಿ ಮಾಡಿಕೊಟ್ಟ ಗಾಡಿಯ ಸ್ವರೂಪ ಬದಲಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮ ಟ್ರಕ್ಕಿಗೆ ಅದು ತಾಗಲಿಲ್ಲ; ಅಷ್ಟರಲ್ಲಿ ಕಾಕಾನೂ ಆಯಿಯೂ ಹೋಗಿ, ಗಾಡಿ ದನದ ಕೊಟ್ಟಿಗೆ ಸೇರಿತ್ತು. ಟೈರುಗಳು ಕಬ್ಬಿನ ಚಕ್ಕಡಿಗೆ ಹೋದವು. ಹಿಂದಿನ ಪಾಟಾದ ಎರಡು ಎಲೆ ಬಿಚ್ಚಿ ನನ್ನ ತಮ್ಮ ಕಂಬಾರನಿಗೆ ಕೊಟ್ಟು ಕೊಯ್ತಾ ಮಾಡಿಸಿಕೊಂಡಿದ್ದಾನೆ. ಪಾಟಾದ ಉಕ್ಕಿಗೆ ಬರುವ ಹರಿತ ಪೇಟೆಯ ಕೊಯ್ತಾಕ್ಕೆ ಎಲ್ಲಿ ಬರಬೇಕು.

ಹೋದ ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ. ಗಾಲಿಯಿಲ್ಲದೆ ನಾಲ್ಕು ಕಲ್ಲಿನ ಮೇಲೆ ಗಾಡಿ ಕೂತಿದೆ. ಕಾಲು ಎತ್ತಬೇಕಾಗಲಿಲ್ಲ; ಸುಮ್ಮನೆ ಒಳಗೆ ಹೆಜ್ಜೆ ಇಟ್ಟು ಆಯಿಯ ಸೀಟಿನಲ್ಲಿ ಕೂತೆ. ಹಿಂದೆ ಕೈ ಹಾಕಿದರೆ ಧೂಳು ಹಿಡಿದ ಮಣೆ ಸಿಕ್ಕಿತು. "ಗುಜರಿಯವನು ಕೇಳಾಕ್ಹತ್ತಾನ, ಕೊಟ್ಟಬಿಡ್ಲೇನು?" ಅಂದ ತಮ್ಮ, ಹೊರಗಿನಿಂದ. "ತಡಿಯೋ" ಅಂದೆ, "ಈಗ ಕುಂತೈತಿ."